ಬಿಸಿನೀರಿನ ಲೆಕ್ಕ

2010ರ ಡಿಸೆಂಬರ್ ಕೊನೆಯ ವಾರ. ನಮ್ಮ ಯಜಮಾನರು ಸಂಜೆ ಬ್ಯಾಂಕಿನಿಂದ ಬರುವಾಗ ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಮುಖದಲ್ಲಿ ಹಬ್ಬದ ಕಳೆ. ಪೆಟ್ಟಿಗೆಯೊಳಗಿದ್ದದ್ದು ಸೋಪಿನ ಡಬ್ಬಿಯಷ್ಟು ಗಾತ್ರದ ಬಿಳಿಯ ಪ್ಲಾಸ್ಟಿಕ್ ಡಬ್ಬಿ. ಅದನ್ನು ಮೀಟರಿನ ಹತ್ತಿರದ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು, ಕರೆಂಟ್ ಬಿಲ್ಲು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದಂತೆ. ಬೆಲೆ 1,800 ರೂಪಾಯಿ. ಸಿಕ್ಕಿಸಿದರು. ಪುಟ್ಟ ಹಸಿರು ದೀಪವೊಂದು ಹೊತ್ತಿಕೊಂಡಿತು. ಅಷ್ಟೇ. ಸದ್ದಿಲ್ಲ, ಗದ್ದಲವಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸಂಶಯ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಆದರೆ ಅವರ ಮುಖ ನೋಡಿ ಸುಮ್ಮನಾದೆ. ಜನವರಿಯ ಬಿಲ್ಲು ಬಂದಾಗಲಂತೂ ನನ್ನ ಸಂಶಯಕ್ಕೆ ನಾಚಿಕೆಯಾಗಬೇಕು, ಹಾಗಾಯಿತು. ಡಿಸೆಂಬರಿನಲ್ಲಿ 118 ಯೂನಿಟ್ ಉರಿಸಿದ್ದ ಮನೆ ಜನವರಿಯಲ್ಲಿ 86 ಯೂನಿಟ್ ಉರಿಸಿತ್ತು. ಬಿಲ್ಲು ಸುಳ್ಳು ಹೇಳುತ್ತದೆಯೇ? ಯಜಮಾನರು ಅದನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋದರು. ಅವರ ಮಾತು ಕೇಳಿ ಮೂರು ಜನ ಸಹೋದ್ಯೋಗಿಗಳು ಆ ಡಬ್ಬಿ ಕೊಂಡರು. ಅವರಲ್ಲೊಬ್ಬರು ಮಗಳ ಮನೆಗೂ ಸೇರಿಸಿ ಎರಡು ಕೊಂಡರು.

ಅದೇ ಜನವರಿ ತಿಂಗಳು, 14ನೇ ತಾರೀಕು, ದೂರದ ಇಟಲಿಯ ಬೊಲೊನ್ಯಾ ಊರಿನಲ್ಲಿ ಇನ್ನೊಂದು ಡಬ್ಬಿಯ ಪ್ರದರ್ಶನ ನಡೆದಿತ್ತು. ಆಂಡ್ರಿಯಾ ರೊಸ್ಸಿ ಎಂಬಾತ, ಬೊಲೊನ್ಯಾ ವಿಶ್ವವಿದ್ಯಾಲಯದ ನಿವೃತ್ತ ಪ್ರಾಧ್ಯಾಪಕ ಸೆರ್ಜಿಯೊ ಫೊಕಾರ್ಡಿ ಅವರನ್ನು ಜೊತೆಗಿಟ್ಟುಕೊಂಡು ತೋರಿಸಿದ ಯಂತ್ರ ಅದು. ಒಳಗೆ ನಿಕ್ಕಲ್ ಪುಡಿ, ಜಲಜನಕ, ಜೊತೆಗೆ ಹೆಸರು ಹೇಳದ ಒಂದು ಗುಟ್ಟಿನ ವಸ್ತು. ಒಂದು ಕಡೆಯಿಂದ ಕರೆಂಟು ಮತ್ತು ತಣ್ಣೀರು ಹೋಗುತ್ತದೆ, ಇನ್ನೊಂದು ಕಡೆಯಿಂದ ಹಬೆ ಬರುತ್ತದೆ. ಹೋದ ಕರೆಂಟಿನ ಹತ್ತಾರು ಪಟ್ಟು ಶಾಖ ಬಂತೆಂದು ಅವರ ಲೆಕ್ಕ. ಈ ಸುದ್ದಿ ಓದಿದಾಗ ನನಗೆ ಇಪ್ಪತ್ತೆರಡು ವರ್ಷ ಹಿಂದಿನ ಒಂದು ದಿನ ನೆನಪಾಯಿತು.

1989. ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮ ಕೆಮಿಸ್ಟ್ರಿ ಮೇಷ್ಟ್ರು ಒಂದು ಬೆಳಿಗ್ಗೆ ಪಾಠದ ಪುಸ್ತಕ ತೆರೆಯದೆ ಪತ್ರಿಕೆಯ ತುಂಡೊಂದನ್ನು ಹಿಡಿದು ಬಂದು, “ಸೂರ್ಯನನ್ನು ಗಾಜಿನ ಲೋಟಕ್ಕೆ ಇಳಿಸಿಬಿಟ್ಟರಂತೆ ಕಣ್ರಮ್ಮ” ಎಂದರು. ಅವರ ದನಿ ನಡುಗುತ್ತಿತ್ತು.

ಆ ವರ್ಷದ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿಜ್ಞಾನಿಗಳು ಪತ್ರಕರ್ತರನ್ನು ಕರೆದು ಒಂದು ಘೋಷಣೆ ಮಾಡಿದ್ದರು. ಒಬ್ಬರು ಮಾರ್ಟಿನ್ ಫ್ಲೈಷ್‌ಮನ್. ಬಾಲ್ಯದಲ್ಲಿ ನಾತ್ಸಿಗಳಿಂದ ತಪ್ಪಿಸಿಕೊಂಡು ಚೆಕೊಸ್ಲೊವಾಕಿಯಾದಿಂದ ಇಂಗ್ಲೆಂಡಿಗೆ ಬಂದವರು. ವಿದ್ಯುತ್ ರಸಾಯನಶಾಸ್ತ್ರದಲ್ಲಿ ದೊಡ್ಡ ಹೆಸರು, ರಾಯಲ್ ಸೊಸೈಟಿಯ ಸದಸ್ಯರು. ಇನ್ನೊಬ್ಬರು ಅಲ್ಲಿಯ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥ ಸ್ಟ್ಯಾನ್ಲಿ ಪಾನ್ಸ್. ಅವರ ಯಂತ್ರವೆಂದರೆ ಒಂದು ಗಾಜಿನ ಪಾತ್ರೆ, ಅದರೊಳಗೆ ಭಾರಜಲ, ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹದ ಕಡ್ಡಿ, ಅದರ ಸುತ್ತ ಪ್ಲಾಟಿನಂ ತಂತಿ. ಕರೆಂಟು ಹಾಯಿಸಿದರೆ ಭಾರಜಲ ಒಡೆದು ಅದರಲ್ಲಿನ ಭಾರದ ಜಲಜನಕ, ಅಂದರೆ ಡ್ಯೂಟೀರಿಯಂ, ಪಲ್ಲಾಡಿಯಮ್ಮಿನೊಳಗೆ ಸೇರುತ್ತದೆ. ಸ್ಪಂಜು ನೀರು ಕುಡಿದ ಹಾಗೆ ಆ ಲೋಹ ತನ್ನ ಗಾತ್ರದ ನೂರಾರು ಪಟ್ಟು ಅನಿಲವನ್ನು ಕುಡಿಯುತ್ತದೆ. ಹಾಗೆ ಕುಡಿದ ಲೋಹದಿಂದ, ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬರುತ್ತಿದೆ ಎಂದರು ಅವರು. ಒಳಗೆ ಡ್ಯೂಟೀರಿಯಂ ಬೀಜಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿರಬೇಕು ಎಂಬುದು ಅವರ ವಿವರಣೆ. ಸೂರ್ಯನ ಒಡಲಿನಲ್ಲಿ ಬೀಜಗಳ ಬೆಸುಗೆಗೆ ಒಂದೂವರೆ ಕೋಟಿ ಡಿಗ್ರಿಯ ಬಿಸಿ ಇದೆ. ಇಲ್ಲಿ ಸಾಧಾರಣ ಕೋಣೆಯ ಬಿಸಿಯಲ್ಲೇ ಆಗಿಹೋಯಿತು! ಈ ಯೋಚನೆಯ ಮಾತುಕತೆ ನಡೆದದ್ದು ಪಾನ್ಸ್ ಅವರ ಮನೆಯ ಅಡುಗೆಮನೆಯಲ್ಲಿ ಎಂದು ಕೇಳಿದಾಗ ನಾವು ಹುಡುಗಿಯರೆಲ್ಲ ನಕ್ಕಿದ್ದೆವು. ಅಡುಗೆಮನೆಯಲ್ಲಿ ಹುಟ್ಟಿದ್ದಕ್ಕೆ ಇಷ್ಟು ಮರ್ಯಾದೆಯೇ ಎಂದು.

ಮರ್ಯಾದೆ ಬಹಳ ದಿನ ಉಳಿಯಲಿಲ್ಲ. ಜಗತ್ತಿನ ಎಲ್ಲ ಕಡೆ ಪ್ರಯೋಗ ಶುರುವಾಯಿತು. ನಮ್ಮ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿಯೂ ಪಿ.ಕೆ. ಅಯ್ಯಂಗಾರ್ ಅವರ ನೇತೃತ್ವದಲ್ಲಿ ಹಲವು ತಂಡಗಳು ಕೆಲಸ ಮಾಡಿ, ನ್ಯೂಟ್ರಾನು, ಟ್ರೀಷಿಯಂ ಕಂಡವು ಎಂದು ವರದಿ ಕೊಟ್ಟವು. ಆದರೆ ಬಹಳ ದೊಡ್ಡ ಪ್ರಯೋಗಾಲಯಗಳಿಗೆ ಏನೂ ಸಿಗಲಿಲ್ಲ. ಮೇ ತಿಂಗಳ ಮೊದಲ ದಿನ ಬಾಲ್ಟಿಮೋರಿನಲ್ಲಿ ಸೇರಿದ ಭೌತವಿಜ್ಞಾನಿಗಳು ಎದ್ದು ನಿಂತು ಒಂದೊಂದೇ ಪ್ರಶ್ನೆ ಕೇಳಿದರು. ಎಲ್ಲ ಪ್ರಶ್ನೆಗಳೂ ಕೊನೆಗೆ ಒಂದೇ ಪ್ರಶ್ನೆ: ಈ ಬಿಸಿ ಎಲ್ಲಿಂದ ಬಂತು?

ಬೀಜಗಳ ಬೆಸುಗೆಯಿಂದ ಬಂತು ಅನ್ನೋಣ. ಹಾಗಾದರೆ ಅದಕ್ಕೊಂದು ಕುರುಹು ಬೇಕು. ಒಲೆ ಉರಿದರೆ ಬೂದಿ ಇರಬೇಕಲ್ಲ, ಹಾಗೆ. ಎರಡು ಡ್ಯೂಟೀರಿಯಂ ಬೀಜಗಳು ಬೆಸೆದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಒಂದು ನ್ಯೂಟ್ರಾನ್ ಸಿಡಿಯುತ್ತದೆ. ಒಂದೇ ಒಂದು ವ್ಯಾಟ್ ಶಾಖ, ಅಂದರೆ ಟಾರ್ಚಿನ ಸಣ್ಣ ಬಲ್ಬಿನಷ್ಟು, ಈ ದಾರಿಯಲ್ಲಿ ಬರಬೇಕಾದರೆ ಪ್ರತಿ ಸೆಕೆಂಡಿಗೆ ಲಕ್ಷ ಕೋಟಿಗೆ ಸಮೀಪ ನ್ಯೂಟ್ರಾನುಗಳು ಹೊರಬೀಳಬೇಕು. ಅಷ್ಟು ಬಿದ್ದಿದ್ದರೆ ಪಾತ್ರೆಯ ಪಕ್ಕ ನಿಂತ ವಿದ್ಯಾರ್ಥಿ ಬದುಕಿರುತ್ತಿರಲಿಲ್ಲ. ವಿದ್ಯಾರ್ಥಿ ಆರೋಗ್ಯವಾಗಿದ್ದಾನೆ, ಆದ್ದರಿಂದ ಬೆಸುಗೆ ಆಗಿಲ್ಲ ಎಂದು ಭೌತವಿಜ್ಞಾನಿಗಳು ಕ್ರೂರ ತಮಾಷೆ ಮಾಡಿದರು.

ನಂಬಿದವರು ಸುಮ್ಮನೆ ಕೂರಲಿಲ್ಲ. ಈ ಬೆಸುಗೆ ಬೇರೆಯದೇ ರೀತಿಯದು, ಹೀಲಿಯಂ ಮಾತ್ರ ಹುಟ್ಟುತ್ತದೆ, ಶಕ್ತಿಯೆಲ್ಲ ವಿಕಿರಣವಾಗಿ ಹೊರಬೀಳದೆ ಲೋಹದ ಹಂದರಕ್ಕೇ ಇಳಿಯುತ್ತದೆ ಎಂದರು ಕೆಲವರು. 2006ರಲ್ಲಿ ವಿಡಮ್ ಮತ್ತು ಲಾರ್ಸನ್ ಎಂಬಿಬ್ಬರು, ಬೆಸುಗೆಯೇ ಅಲ್ಲ, ಲೋಹದ ಮೇಲ್ಮೈಯಲ್ಲಿ ಎಲೆಕ್ಟ್ರಾನು ಪ್ರೋಟಾನು ಕೂಡಿ ಮಂದಗತಿಯ ನ್ಯೂಟ್ರಾನಾಗಿ ಪಕ್ಕದ ಬೀಜಕ್ಕೆ ಸೇರಿಕೊಳ್ಳುತ್ತದೆ ಎಂದು ಬರೆದರು. ಜಲಜನಕದ ಎಲೆಕ್ಟ್ರಾನು ತನ್ನ ಕೊನೆಯ ಮೆಟ್ಟಿಲಿಗಿಂತಲೂ ಕೆಳಗಿಳಿದು ಶಕ್ತಿ ಕೊಡುತ್ತದೆ ಎಂಬ ವಾದವೂ ಇದೆ, ಇದಕ್ಕೆ ಬೀಜದ ಗೊಡವೆಯೇ ಬೇಡ. ಒಂದು ಬಿಸಿಗೆ ಇಷ್ಟೊಂದು ಮೂಲಗಳು! ಯಾವುದಕ್ಕೂ ಎಲ್ಲರೂ ಒಪ್ಪುವ ಸಾಕ್ಷಿ ಸಿಕ್ಕಿಲ್ಲ.

ಇನ್ನು ಸಾಧಾರಣ ಮೂಲಗಳು. ಇವುಗಳನ್ನು ಓದುವಾಗ ನನಗೆ ನಮ್ಮ ಅಡುಗೆಮನೆಯೇ ಕಣ್ಣ ಮುಂದೆ ಬರುತ್ತದೆ. ಪಾತ್ರೆಯ ನೀರನ್ನು ಚೆನ್ನಾಗಿ ಕಲಕದಿದ್ದರೆ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಂಪು. ಥರ್ಮಾಮೀಟರು ಬಿಸಿಯ ಮೂಲೆಯಲ್ಲಿದ್ದರೆ ಲೆಕ್ಕ ತಪ್ಪಿತು. ನೀರನ್ನು ಒಡೆಯಲು ಖರ್ಚಾದ ಶಕ್ತಿ ಅನಿಲದ ಜೊತೆ ಹೊರಗೆ ಹೋಯಿತೆಂದು ಕಳೆದಿರುತ್ತಾರೆ. ಆ ಅನಿಲ ಒಳಗೇ ಮತ್ತೆ ಕೂಡಿ ನೀರಾದರೆ ಕಳೆದದ್ದು ಶಾಖವಾಗಿ ವಾಪಸು ಬರುತ್ತದೆ. ವಾರಗಟ್ಟಲೆ ಜಲಜನಕ ಕುಡಿದ ಲೋಹ ಒಂದೇ ದಿನ ಅದನ್ನು ಬಿಟ್ಟು, ಅದು ಆಮ್ಲಜನಕದ ಜೊತೆ ಕೂಡಿದರೆ ಆ ದಿನ ಬಿಸಿ ಉಕ್ಕುತ್ತದೆ. ತಿಂಗಳೆಲ್ಲ ಹುಂಡಿಗೆ ಕಾಸು ಹಾಕಿ, ಒಡೆದ ದಿನ ‘ಇಷ್ಟು ಲಾಭ ಬಂತು’ ಅಂದ ಹಾಗೆ.

ರೊಸ್ಸಿಯ ಯಂತ್ರವಂತೂ ಇಡ್ಲಿ ಪಾತ್ರೆಯೇ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 80 ಕಿಲೋಕ್ಯಾಲೊರಿ ಸಾಕು. ಕುದಿದ ನೀರನ್ನು ಪೂರಾ ಹಬೆ ಮಾಡಲು ಇನ್ನೂ 540 ಬೇಕು. ಅಂದರೆ ಕೊಳವೆಯ ತುದಿಯಿಂದ ಬಂದದ್ದು ಒಣ ಹಬೆಯೋ, ನೀರಿನ ಹನಿ ಬೆರೆತ ಒದ್ದೆ ಹಬೆಯೋ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ನೀರೆಲ್ಲ ಹಬೆಯಾಯಿತೆಂದು ಬರೆದುಕೊಂಡು, ನಿಜಕ್ಕೂ ಬಹುಪಾಲು ಕುದಿಯುವ ನೀರಾಗಿಯೇ ಹರಿದುಹೋಗಿದ್ದರೆ ಶಾಖ ಏಳು ಪಟ್ಟಿಗೂ ಹೆಚ್ಚಾಗಿ ಕಾಣುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದವರಿಗೆಲ್ಲ ಗೊತ್ತು, ಕಣ್ಣಿಗೆ ಕಾಣುವ ಬಿಳಿ ಮೋಡವೆಲ್ಲ ಸಣ್ಣ ಹನಿಗಳೇ.

ಇನ್ನೊಂದು ಸ್ವಾರಸ್ಯ. ನಿಕ್ಕಲ್ ಬೀಜಕ್ಕೆ ಪ್ರೋಟಾನು ಸೇರಿ ತಾಮ್ರವಾಗುತ್ತದೆ, ಶಕ್ತಿ ಬರುವುದು ಅದರಿಂದ ಎಂದಿದ್ದರು. ಬಳಸಿದ ಪುಡಿಯ ಮಾದರಿಯನ್ನು ಸ್ವೀಡನ್ನಿನಲ್ಲಿ ಪರೀಕ್ಷಿಸಿದಾಗ ತಾಮ್ರ ಇತ್ತು, ನಿಜ. ಆದರೆ ಆ ತಾಮ್ರದ ಎರಡು ಐಸೊಟೋಪುಗಳ ಪ್ರಮಾಣ ಭೂಮಿಯ ಎಲ್ಲ ತಾಮ್ರದಲ್ಲಿರುವಷ್ಟೇ ಇತ್ತು, ನೂರಕ್ಕೆ 69 ಒಂದು, 31 ಇನ್ನೊಂದು. ನಮ್ಮ ಬಚ್ಚಲುಮನೆಯ ಹಂಡೆಯಲ್ಲೂ ಇರುವುದು ಅದೇ. ಯಂತ್ರದೊಳಗೆ ಹೊಸದಾಗಿ ಹುಟ್ಟಿದ ತಾಮ್ರ ಹಂಡೆಯ ತಾಮ್ರದ ಜಾತಕವನ್ನೇ ಪಡೆದು ಹುಟ್ಟೀತೇ?

2014ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಇನ್ನೊಂದು ಮಾದರಿಯ ಪರೀಕ್ಷೆಯಾಯಿತು. ಪಿಂಗಾಣಿಯಂಥ ಕೊಳವೆ ಕೆಂಪಗೆ ಕಾಯುವುದನ್ನು ಶಾಖ ನೋಡುವ ಕ್ಯಾಮರಾದಿಂದ ಅಳೆದರು. ಆ ವಸ್ತು ಎಷ್ಟರಮಟ್ಟಿಗೆ ಹೊಳೆಯುತ್ತದೆ ಎಂಬ ಅಂಕಿಯನ್ನೇ ತಪ್ಪಾಗಿ ಹಾಕಿದ್ದಾರೆ ಎಂದು ಓದಿದವರು ತೋರಿಸಿಕೊಟ್ಟರು. ಗುಟ್ಟಿನ ಪುಡಿಯಿಲ್ಲದ ಖಾಲಿ ಕೊಳವೆಯನ್ನು ಅಷ್ಟೇ ಬಿಸಿಗೆ ಕಾಯಿಸಿ ಹೋಲಿಸಿ ನೋಡಿರಲಿಲ್ಲ. ಆಮೇಲೆ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಮೆಗಾವ್ಯಾಟ್ ಯಂತ್ರವನ್ನು ಒಂದು ವರ್ಷ ನಡೆಸಿದೆವೆಂದರು. ಹಣ ಹಾಕಿದ್ದ ಕಂಪನಿ, ಬಾಕಿ 8 ಕೋಟಿ 90 ಲಕ್ಷ ಡಾಲರು ಕೊಡಲು ಒಪ್ಪದೆ 2016ರಲ್ಲಿ ವ್ಯಾಜ್ಯ ಕೋರ್ಟಿಗೆ ಹೋಯಿತು. ಅಲ್ಲಿ ಪ್ರಶ್ನೆ ತಿರುಗಿಕೊಂಡಿತು: ಅಷ್ಟು ಬಿಸಿ ಬಂದಿದ್ದರೆ, ಅದು ಹೋದದ್ದು ಎಲ್ಲಿಗೆ? 2017ರಲ್ಲಿ ರಾಜಿಯಾಯಿತು. ಇಬ್ಬರಲ್ಲಿ ಯಾರು ಸರಿ ಎಂದು ಕೋರ್ಟು ತೀರ್ಪು ಕೊಡಬೇಕಾಗಿ ಬರಲಿಲ್ಲ.

ಇದನ್ನೆಲ್ಲ ಓದಿ ತಿಳಿದದ್ದು ಆಮೇಲೆ, ವರ್ಷಗಳ ಮೇಲೆ. 2011ರ ಫೆಬ್ರವರಿಯಲ್ಲಿ ನನಗೆ ತಿಳಿದದ್ದು ಬೇರೆ.

ಅತ್ತೆಯವರಿಗೆ ಕೆಮ್ಮು ಹಿಡಿದಿತ್ತು. ಆಗ ಅವರಿಗೆ ಎಪ್ಪತ್ತನಾಲ್ಕು. ಸಾಗರದ ಚಳಿ ಗೊತ್ತಿದ್ದವರಿಗೆ ಗೊತ್ತು, ಶಿವರಾತ್ರಿ ಕಳೆಯುವ ತನಕ ಬೆಳಗಿನ ನೀರು ಮುಟ್ಟಿದರೆ ಕೈ ಕೊರೆಯುತ್ತದೆ. ನಾವೆಲ್ಲ ಮಿಂದು ಹೊರಟುಹೋದ ಮೇಲೆ ಅವರು ನಿಧಾನವಾಗಿ ಗೀಸರು ಹಾಕಿಕೊಂಡು ಸ್ನಾನ ಮಾಡುವುದು, ಬಟ್ಟೆ ನೆನೆಸುವುದು ಮನೆಯ ರೂಢಿ. ಒಂದು ದಿನ ನನಗೆ ರಜೆಯಿತ್ತು. ಅವರಿಗಾಗಿ ಗೀಸರಿನ ಗುಂಡಿ ಒತ್ತಲು ಹೋದೆ. “ಬ್ಯಾಡ ಬಿಡೇ, ನಂಗೆ ತಣ್ಣೀರೇ ರೂಢಿಯಾಗಿದೆ” ಎಂದರು.

“ಯಾವಾಗಿಂದ?”

ಹೇಳಲಿಲ್ಲ. ಸೆರಗಿನ ತುದಿ ತಿರುವುತ್ತಾ ನಿಂತರು. ನನ್ನ ಎದೆ ಹೊಡೆದುಕೊಂಡಿತು. ಎಲ್ಲಿಂದ ಹೊಳೆಯಿತೋ, “ಡಬ್ಬಿ ಬಂದಾಗಿನಿಂದಲಾ?” ಎಂದೆ.

“ಅವನು ಅಷ್ಟು ದುಡ್ಡು ಕೊಟ್ಟು ತಂದಿದ್ದಾನೆ. ಅದು ಕೆಲಸ ಮಾಡಲಿಲ್ಲ ಅಂದ್ರೆ ಮೋರೆ ಸಣ್ಣ ಮಾಡ್ಕೊಳ್ತಾನೆ. ಮೊದ್ಲಿಂದಲೂ ಹಾಗೆಯೇ. ನೀನು ಹೇಳಬ್ಯಾಡ ಮತ್ತೆ” ಎಂದರು. ಆಣೆ ಹಾಕಿಸಿಕೊಂಡರು.

ಗೀಸರು ಎರಡು ಕಿಲೋವ್ಯಾಟಿನದು. ಅರ್ಧ ಗಂಟೆಗೆ ಒಂದು ಯೂನಿಟ್. ತಿಂಗಳಿಗೆ ಮೂವತ್ತು. 118ರಿಂದ 86 ಕಳೆದರೆ 32. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನೇ ಬೋರ್ಡಿನ ಮೇಲೆ ಬರೆಸುವ ಲೆಕ್ಕ. ನನ್ನ ಮನೆಯ ಲೆಕ್ಕ ಮಾತ್ರ ನಾನು ಮಾಡಿರಲಿಲ್ಲ.

ಬಿಲ್ಲು ಸುಳ್ಳು ಹೇಳಿರಲಿಲ್ಲ ನೋಡಿ. 32 ಯೂನಿಟ್ ನಿಜವಾಗಿಯೂ ಉಳಿದಿತ್ತು. ಉಳಿತಾಯದ ಮೂಲ ಡಬ್ಬಿಯಲ್ಲಿರಲಿಲ್ಲ, ಬಚ್ಚಲುಮನೆಯಲ್ಲಿತ್ತು. ಒಬ್ಬ ಮುದುಕಿಯ ಮೈಯ ಬಿಸಿ ಅದು. ಡಬ್ಬಿಯೊಳಗೆ ಇದ್ದದ್ದು ಒಂದು ಕೆಪಾಸಿಟರು ಎಂದು ಆಮೇಲೆ ಬಿಚ್ಚಿ ನೋಡಿದೆ. ದೊಡ್ಡ ಮೋಟಾರುಗಳಿರುವ ಕಾರ್ಖಾನೆಯಲ್ಲಿ ಅಂಥದ್ದರಿಂದ ಉಪಯೋಗವುಂಟು. ಮನೆಯ ಮೀಟರು ಎಣಿಸುವುದು ನಾವು ನಿಜವಾಗಿ ಉರಿಸಿದ ಯೂನಿಟ್ಟನ್ನು, ಅದನ್ನು ಈ ಡಬ್ಬಿ ಇಳಿಸಲಾರದು. ಬದಲಿಗೆ ಆ ಹಸಿರು ದೀಪ ಉರಿಯಲು ಒಂದಿಷ್ಟು ಕರೆಂಟು ಬೇಕಿತ್ತು.

ಮಾರನೆಯ ದಿನದಿಂದ ಶಾಲೆಗೆ ಹೊರಡುವ ಮುನ್ನ ನಾನೇ ಗೀಸರು ಹಾಕಿ, ಬಕೆಟ್ಟಿಗೆ ನೀರು ತುಂಬಿಸಿಟ್ಟು ಹೋಗುತ್ತಿದ್ದೆ. ಬಿಲ್ಲು ಮತ್ತೆ ಏರಿತು. “ಡಬ್ಬಿ ಹಳತಾಯಿತು ಅಂತ ಕಾಣುತ್ತೆ” ಎಂದು ಯಜಮಾನರೇ ಒಂದು ದಿನ ಕಿತ್ತು ಅಟ್ಟಕ್ಕೆ ಹಾಕಿದರು. ನಾನು ಸುಮ್ಮನಿದ್ದೆ.

ಈ ಸುಮ್ಮನಿದ್ದದ್ದೇ ನನ್ನನ್ನು ಇಷ್ಟು ವರ್ಷ ಕಾಡಿದೆ. ಅತ್ತೆಗೆ ಕೊಟ್ಟ ಮಾತು ಎನ್ನುತ್ತೇನೆ. ಗಂಡನ ಮನಸ್ಸು ನೋಯಿಸಬಾರದು ಎನ್ನುತ್ತೇನೆ. ಆದರೆ ಬ್ಯಾಂಕಿನ ಆ ಮೂವರು? ಅವರಿಗೆ ಹೇಳಬೇಕಾದವಳು ನಾನೊಬ್ಬಳೇ ಇದ್ದೆ. ಒಬ್ಬರ ಸಂತೋಷ ಕಾಯುವುದಕ್ಕಾಗಿ ಪ್ರಶ್ನೆಯನ್ನು ನುಂಗಿಕೊಂಡರೆ ಆ ಸಂತೋಷದ ಖರ್ಚನ್ನು ಯಾರೋ ಕೊಡುತ್ತಲೇ ಇರುತ್ತಾರೆ. ನಾವು ಹೆಂಗಸರು ಇದನ್ನು ಪ್ರೀತಿ ಎಂದು ಕರೆದುಕೊಂಡು ಬಂದಿದ್ದೇವೆ. ಪ್ರೀತಿ ಹೌದು. ಆದರೆ ಅದರಲ್ಲಿ ಎದುರಿನವರು ನಿಜವನ್ನು ತಾಳಲಾರರು ಎಂಬ ಒಂದು ಸಣ್ಣ ತಾತ್ಸಾರವೂ ಸೇರಿಕೊಂಡಿಲ್ಲವೇ?

ಅತ್ತೆಯವರಿಗೆ ಬಿಟ್ಟಿ ಏನೂ ಬರುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ, 1964ರಲ್ಲಿ, ಅವರು ಮದುವೆಯಾಗಿ ಬಂದಿದ್ದ ಹಳ್ಳಿ ಮುಳುಗಿತು. ಮೂರು ವರ್ಷದ ಮಗನನ್ನು ಕಂಕುಳಲ್ಲಿ ಹೊತ್ತು, ತೋಟ ಬಿಟ್ಟು ಬಂದವರು. ರಾತ್ರಿ ಸ್ವಿಚ್ಚು ಹಾಕಿದಾಗೆಲ್ಲ, “ನಮ್ಮ ತೋಟದ ಬೆಳಕು” ಎನ್ನುತ್ತಿದ್ದರು. ದೂರು ಹೇಳುವ ದನಿಯಲ್ಲ, ಲೆಕ್ಕ ಹೇಳುವ ದನಿ. ರಾಜ್ಯವೆಲ್ಲ ಆ ದೀಪದಲ್ಲಿ ಓದಿತು. ಮೂಲ ಯಾವುದೆಂದು ಕೇಳಿದವರು ಕಡಿಮೆ.

ಯೂಟಾದ ಕಥೆಯನ್ನು ಈಗ ಓದಿದರೆ ನನಗೆ ಫ್ಲೈಷ್‌ಮನ್ನರನ್ನು ನೋಡಿ ನಗು ಬರುವುದಿಲ್ಲ. ಅವರಿಬ್ಬರೂ ಮೊದಮೊದಲು ಪ್ರಯೋಗಕ್ಕೆ ಸ್ವಂತ ಹಣ ಹಾಕಿದ್ದರು. ಕಂಡದ್ದನ್ನು ನಂಬಿದ್ದರು. ತಪ್ಪಾದದ್ದು ಎಲ್ಲಿ ಎಂದರೆ, ಪ್ರಶ್ನೆ ಬಂದಾಗ. ಪಕ್ಕದ ಇನ್ನೊಂದು ವಿಶ್ವವಿದ್ಯಾಲಯದವರು ಮೊದಲು ಹೇಳಿಬಿಟ್ಟಾರು ಎಂಬ ಆತುರ, ಪೇಟೆಂಟಿನ ಚಿಂತೆ, ರಾಜ್ಯ ಸರ್ಕಾರ ಕೊಟ್ಟ ಐವತ್ತು ಲಕ್ಷ ಡಾಲರಿನ ಭಾರ. ಕೇಳಿದವರಿಗೆ ವಿವರ ಕೊಡಲಿಲ್ಲ. ಸಾದಾ ನೀರು ಹಾಕಿ ಮಾಡಿದರೆ ಏನಾಗುತ್ತದೆ ಎಂಬ ಸರಳ ಪ್ರಶ್ನೆಗೂ ನೇರ ಉತ್ತರ ಬರಲಿಲ್ಲ. ಇತ್ತ ಕೇಳುವವರಲ್ಲಿಯೂ ಹಲವರು ತಿಳಿಯಲು ಕೇಳಲಿಲ್ಲ, ನಗಲು ಕೇಳಿದರು. 1992ರಲ್ಲಿ ಇಬ್ಬರೂ ಫ್ರಾನ್ಸಿಗೆ ಹೋಗಿ ಟೊಯೋಟಾದವರ ಹಣದಲ್ಲಿ ಕೆಲಸ ಮುಂದುವರಿಸಿದರು. ಆ ಪ್ರಯೋಗಾಲಯವೂ 1998ರಲ್ಲಿ ಮುಚ್ಚಿತು. ಫ್ಲೈಷ್‌ಮನ್ 2012ರಲ್ಲಿ ತೀರಿಕೊಂಡರು.

ಇದೇ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಣ್ಣ ಪ್ರಸಂಗವಿದೆ. 1989ರ ಏಪ್ರಿಲಿನಲ್ಲಿ ಜಾರ್ಜಿಯಾ ಟೆಕ್ ಸಂಸ್ಥೆಯವರು ನಮಗೂ ನ್ಯೂಟ್ರಾನು ಸಿಕ್ಕಿತು ಎಂದು ಸಾರಿದರು. ಕೆಲವೇ ದಿನಗಳಲ್ಲಿ ಮತ್ತೆ ಪತ್ರಕರ್ತರನ್ನು ಕರೆದು, ನಮ್ಮ ಉಪಕರಣ ಬಿಸಿ ತಾಗಿದರೂ ಎಣಿಸುತ್ತದೆ, ನಾವು ಎಣಿಸಿದ್ದು ನ್ಯೂಟ್ರಾನಲ್ಲ, ತಪ್ಪಾಯಿತು ಎಂದರು. ನಾಚಿಕೆಯಿಂದ ಯಾರೂ ಸಾಯಲಿಲ್ಲ. ಸತ್ತದ್ದು ಬೇರೆಡೆ. 1992ರ ಜನವರಿ 2ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಪ್ರಯೋಗಾಲಯದಲ್ಲಿ ಇಂಥದೊಂದು ಪಾತ್ರೆ ಸಿಡಿದು ಆಂಡ್ರ್ಯೂ ರೈಲಿ ಎಂಬ ಯುವ ವಿಜ್ಞಾನಿ ತೀರಿಕೊಂಡರು. ಆ ಶಕ್ತಿಯ ಮೂಲದ ಬಗ್ಗೆ ಮಾತ್ರ ಯಾವ ವಾದವೂ ಇರಲಿಲ್ಲ. ಒಳಗೆ ಕೂಡಿಕೊಂಡಿದ್ದ ಡ್ಯೂಟೀರಿಯಂ ಮತ್ತು ಆಮ್ಲಜನಕ ಹೊತ್ತಿಕೊಂಡಿತ್ತು, ಅಷ್ಟೆ.

ಹಾಗೆಂದು ಹುಡುಕುವುದನ್ನೇ ಬಿಡಬೇಕೆಂದಲ್ಲ. 2015ರಿಂದ ಗೂಗಲ್ ಕಂಪನಿ ಹಣ ಕೊಟ್ಟು ಸುಮಾರು ಮೂವತ್ತು ಸಂಶೋಧಕರಿಂದ ಇದನ್ನು ಮೊದಲಿನಿಂದ ಪರೀಕ್ಷೆ ಮಾಡಿಸಿತು. 2019ರಲ್ಲಿ ಅವರು ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಅಂಥ ಬಿಸಿಗೆ ಸಾಕ್ಷಿ ಸಿಗಲಿಲ್ಲ, ಆದರೆ ಶಾಖ ಅಳೆಯುವ ಉತ್ತಮ ಉಪಕರಣಗಳನ್ನು ಮಾಡಿದ್ದೇವೆ, ಲೋಹದೊಳಗೆ ಜಲಜನಕ ತುಂಬುವುದನ್ನು ಕಲಿತಿದ್ದೇವೆ. ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ 2015ರಲ್ಲಿ ಈ ವಿಷಯಕ್ಕೇ ಒಂದು ವಿಶೇಷ ವಿಭಾಗ ಮೀಸಲಿಟ್ಟು ನಂಬಿದವರ ಮಾತನ್ನೂ ಮುದ್ರಿಸಿತು. ಇದು ಸರಿ. ಕೇಳುವವರಿಗೆ ಉತ್ತರ ಗೊತ್ತಿರಬೇಕಾಗಿಲ್ಲ. ಯಾವ ಉತ್ತರ ಬಂದರೂ ಕೇಳಿಸಿಕೊಳ್ಳುವ ಮನಸ್ಸಿದ್ದರೆ ಸಾಕು. ‘ಎಲ್ಲಿಂದ ಬಂತು’ ಎಂದು ಕೇಳುವುದು ಅವಮಾನವಲ್ಲ ಎಂದು ನಾನು ಈಗ ಮಕ್ಕಳಿಗೆ ಹೇಳುತ್ತೇನೆ. ನನಗೆ ಅದನ್ನು ಮನೆಯಲ್ಲಿ ಹೇಳಲು ಹತ್ತು ವರ್ಷ ಬೇಕಾಯಿತು.

ಅತ್ತೆಯವರು 2018ರಲ್ಲಿ ಹೋದರು. 2021ರಲ್ಲಿ ಯಜಮಾನರು ನಿವೃತ್ತರಾಗಿ ಅಟ್ಟ ಚೊಕ್ಕಟ ಮಾಡುವಾಗ ಆ ಡಬ್ಬಿ ಕೈಗೆ ಸಿಕ್ಕಿತು. “ಇದು ಒಂದು ತಿಂಗಳು ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತಲ್ಲ” ಎಂದರು. ಆಗ ಹೇಳಿದೆ. ಏಣಿಯ ಮೇಲೆಯೇ ಕೂತರು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು.

“ಎಷ್ಟು ದಿನ ತಣ್ಣೀರು ಮಿಂದಳು?”

“ನಲವತ್ತು ದಿನ.”

ನನಗೆ ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಸಂಜೆ ಅಂಗಿ ಹಾಕಿಕೊಂಡು, ಆವತ್ತು ಎರಡು ಡಬ್ಬಿ ಕೊಂಡಿದ್ದ ಸಹೋದ್ಯೋಗಿಯ ಮನೆಗೆ ಹೋಗಿ ಎಲ್ಲ ಹೇಳಿ ಬಂದರು. ಅವರು ಜೋರಾಗಿ ನಕ್ಕು, “ಹೋಗ್ಲಿ ಬಿಡು ಮಾರಾಯ, ಆದ್ರೆ ನಮ್ಮನೇಲೂ ಬಿಲ್ಲು ಇಳಿದಿತ್ತಲ್ಲ!” ಎಂದರಂತೆ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಳೆದ ಬೇಸಗೆಯಲ್ಲಿ ಒಂದು ಮದುವೆಮನೆಯಲ್ಲಿ ಅವರ ಹೆಂಡತಿ ಸಿಕ್ಕಿದರು. ಇಬ್ಬರೂ ಕೂತು ವೀಳ್ಯದೆಲೆ ಒರೆಸುತ್ತಿದ್ದೆವು. ಅದೂ ಇದೂ ಮಾತಾಡಿ, ಮೆಲ್ಲಗೆ ಕೇಳಿದೆ, “ಆ ಕರೆಂಟ್ ಡಬ್ಬಿ ತಂದಾಗ ನಿಮ್ಮನೇಲಿ ಬಿಲ್ಲು ಇಳಿದಿತ್ತಂತಲ್ಲ, ಹೇಗೆ?”

ಎಲೆ ಒರೆಸುತ್ತಿದ್ದ ಅವರ ಕೈ ನಿಂತಿತು. ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕು, “ಈಗ ಯಾಕೆ ಬಿಡಿ ಅದೆಲ್ಲ” ಎಂದು ಇನ್ನೊಂದು ಎಲೆ ಕೈಗೆತ್ತಿಕೊಂಡರು.